ಖರೀದಿ ಮೇಲ್ವಿಚಾರಕರ ಭಾವಮೈದುನನೇ ಕಾಫಿ ತಂದರೆ? ಸಂಬಂಧಿಕರ ವಿಷಯಕ್ಕೆ ನಿಯಮ ಬರೆಯುವುದು ಹೇಗೆ

ಕೂಡ್ಲೂರು_ಆಫೀಸ್:

ಕುಶಾಲನಗರ ಕಡೆಯ ಮಧ್ಯಮ ಗಾತ್ರದ ಕ್ಯೂರಿಂಗ್ ವರ್ಕ್ಸ್, ಅಂದರೆ ಕಾಫಿ ಸುಲಿದು ಬೀಜ ವಿಂಗಡಿಸುವ ಘಟಕ. ಪ್ರೈವೇಟ್ ಲಿಮಿಟೆಡ್ ಕಂಪನಿ, ಮೂವರು ನಿರ್ದೇಶಕರು. ಖಾಯಂ ಸಿಬ್ಬಂದಿ ನಲವತ್ತರ ಆಸುಪಾಸು, ಸೀಸನ್‌ನಲ್ಲಿ ದಿನಗೂಲಿಯವರು ಬೇರೆ. ಸಿಬ್ಬಂದಿಯ ಸಂಬಂಧಿಕರು ಕಂಪನಿ ಜೊತೆ ವ್ಯವಹಾರ ಮಾಡುವುದಕ್ಕೆ ಲಿಖಿತ ನಿಯಮ ಇರಬೇಕು, ರೊಬಸ್ಟಾ ಬರುವ ಮೊದಲೇ ಆಗಬೇಕು ಎಂದು ಆಡಳಿತದವರು ಹೇಳಿದ್ದಾರೆ. ಕರಡು ಆಫೀಸಿನಿಂದ ಹೋಗಬೇಕು. ಸದ್ಯ ಮೇಜಿನ ಮೇಲಿರುವುದು ಮೂರು ವಿಷಯ.

ಖರೀದಿ ಮೇಲ್ವಿಚಾರಕರ ಹೆಂಡತಿಯ ತಮ್ಮ ಸಿದ್ದಾಪುರ ಕಡೆಯ ಸಣ್ಣ ಕಾಫಿ ವ್ಯಾಪಾರಿ. ಅವರ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಇಲ್ಲಿಗೇ ಬರುತ್ತದೆ. ಸ್ಯಾಂಪಲ್ ತೆಗೆಯುವುದು, ಓಟಿ (ಔಟ್‌ಟರ್ನ್, 50 ಕೆಜಿ ಚೆರಿಗೆ ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬ ಲೆಕ್ಕ) ನೋಡುವುದು, ದರ ಹೇಳುವುದು ಮೂರೂ ಮೇಲ್ವಿಚಾರಕರ ಕೈಯಲ್ಲೇ. ಲಿಖಿತ ದೂರು ಇಲ್ಲ, ಗೇಟಿನ ಹತ್ತಿರ ಮಾತು ಮಾತ್ರ ಇದೆ.

ಅಕೌಂಟ್ಸ್ ಗುಮಾಸ್ತರ ಹುದ್ದೆ ಖಾಲಿ ಇದ್ದು, ಕ್ಯಾಷಿಯರ್ ಅವರ ಮಗಳು ಅರ್ಜಿ ಹಾಕಿದ್ದಾರೆ. ಬಿ.ಕಾಂ. ಆಗಿದೆ, ಟ್ಯಾಲಿ ಬರುತ್ತದೆ. ಅರ್ಹತೆಗೆ ಕೊರತೆ ಇಲ್ಲ.

ಕಾಫಿ ಹೊಟ್ಟು ಹಲವು ವರ್ಷಗಳಿಂದ ಒಬ್ಬ ನಿರ್ದೇಶಕರ ಚಿಕ್ಕಪ್ಪನ ಮಗನಿಗೇ ಹೋಗುತ್ತಿದೆ. ಕೊಟೇಶನ್ ಕರೆದದ್ದಿಲ್ಲ.

ಮೊದಲ ತೊಡಕು, 'ಸಂಬಂಧಿಕ' ಎಂದರೆ ಎಲ್ಲಿಯವರೆಗೆ? ಈ ಜಿಲ್ಲೆಯಲ್ಲಿ ಎಣಿಸುತ್ತಾ ಹೋದರೆ ಸಿಬ್ಬಂದಿಯಲ್ಲಿ ಅರ್ಧ ಜನ ಒಬ್ಬರಿಗೊಬ್ಬರು ನೆಂಟರೇ. ಎರಡನೆಯದು, ಸಂಬಂಧಿಕರ ಕಾಫಿ ಬೇಡವೇ ಬೇಡ ಎಂದು ಬರೆದುಬಿಡುವುದು ಸರಿಯೇ? ಮೂರನೆಯದು, ಮೇಲ್ವಿಚಾರಕರು ಪಕ್ಕಕ್ಕೆ ಸರಿದರೆ ಓಟಿ ನೋಡುವವರು ಯಾರು?


ಲೆಕ್ಕಪತ್ರ_ವಿರಾಜಪೇಟೆ:

ಸರ್, ಕಾನೂನಿನಿಂದ ಶುರು ಮಾಡುತ್ತೇನೆ. ಏಕೆಂದರೆ 'ಕಂಪನಿ ಕಾಯ್ದೆಯಲ್ಲಿ ಇದ್ದ ಹಾಗೆ' ಎಂದು ಒಂದೇ ಸಾಲು ಬರೆದು ಮುಗಿಸುವವರು ಬಹಳ.

ಕಂಪನಿ ಕಾಯ್ದೆ 2013ರ ಸೆಕ್ಷನ್ 2(77) ಮತ್ತು ಅದರ ನಿಯಮದಲ್ಲಿರುವ ಸಂಬಂಧಿಕರ ಪಟ್ಟಿ ಚಿಕ್ಕದು: ಗಂಡ ಅಥವಾ ಹೆಂಡತಿ, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಅಣ್ಣತಮ್ಮ, ಅಕ್ಕತಂಗಿ, ಮತ್ತು ಒಂದೇ ಹಿಂದೂ ಅವಿಭಕ್ತ ಕುಟುಂಬದ ಸದಸ್ಯರು. ಹೆಂಡತಿಯ ತಮ್ಮ ಅದರಲ್ಲಿಲ್ಲ. ಚಿಕ್ಕಪ್ಪನ ಮಗನೂ ಅವಿಭಕ್ತ ಕುಟುಂಬದ ಸದಸ್ಯನಾಗಿದ್ದರೆ ಹೊರತು ಇಲ್ಲ. ಆದಾಯ ತೆರಿಗೆಯ 1961ರ ಕಾಯ್ದೆಯ ಸಾಮಾನ್ಯ ವ್ಯಾಖ್ಯೆಯಲ್ಲಿ ಸೊಸೆ ಅಳಿಯಂದಿರೂ ಇರಲಿಲ್ಲ. ಇನ್ನು ಕಂಪನಿ ಕಾಯ್ದೆಯ ಸೆಕ್ಷನ್ 184 (ಹಿತಾಸಕ್ತಿ ತಿಳಿಸುವುದು) ಮತ್ತು 188 (ಸಂಬಂಧಪಟ್ಟವರ ಜೊತೆಗಿನ ವ್ಯವಹಾರ) ನೋಡುವುದು ನಿರ್ದೇಶಕರು, ಕಂಪನಿಯ ಮುಖ್ಯ ಆಡಳಿತ ಹುದ್ದೆಯವರು ಮತ್ತು ಅವರ ಕಡೆಯವರನ್ನು. ಖರೀದಿ ಮೇಲ್ವಿಚಾರಕರು ಆ ಕಾನೂನಿನ ಕಣ್ಣಿಗೇ ಬೀಳುವುದಿಲ್ಲ. ಮಗಳು ಪಟ್ಟಿಯಲ್ಲಿದ್ದರೂ ಕ್ಯಾಷಿಯರ್ ಕೂಡ ಬೀಳುವುದಿಲ್ಲ. ಅಂದರೆ ನಿಮ್ಮ ಮೂರು ಪ್ರಕರಣದಲ್ಲಿ ಒಂದೂ ಕಾನೂನಿನ ಹಿಡಿತಕ್ಕೆ ಸಿಗುವುದಿಲ್ಲ, ಮೂರರಲ್ಲೂ ಹಣ ಸೋರುವ ದಾರಿ ಮಾತ್ರ ಇದೆ. ಅದಕ್ಕೇ ಕಂಪನಿಯ ಸ್ವಂತ ವ್ಯಾಖ್ಯೆ ಬೇಕು ಅನ್ನುವುದು.

ವ್ಯಾಖ್ಯೆಯನ್ನು ಎರಡು ಸುತ್ತಿನಲ್ಲಿ ಬರೆಯಿರಿ. ಒಳಸುತ್ತಿನಲ್ಲಿ ಒಂದೇ ಮನೆಯಲ್ಲಿ ವಾಸ ಇರುವವರೆಲ್ಲ, ಗಂಡ ಹೆಂಡತಿ, ಎರಡೂ ಕಡೆಯ ತಂದೆತಾಯಿ, ಮಕ್ಕಳು, ಸೊಸೆ ಅಳಿಯ, ಒಡಹುಟ್ಟಿದವರು, ಅವರ ಗಂಡ ಹೆಂಡತಿ, ಹೆಂಡತಿಯ ಅಥವಾ ಗಂಡನ ಒಡಹುಟ್ಟಿದವರು, ಷಡ್ಡಕ, ಓರಗಿತ್ತಿ. ಇವರ ವಿಷಯದಲ್ಲಿ ತಿಳಿಸುವುದೂ ಕಡ್ಡಾಯ, ಪಕ್ಕಕ್ಕೆ ಸರಿಯುವುದೂ ಕಡ್ಡಾಯ. ಹೊರಸುತ್ತಿನಲ್ಲಿ ದೊಡ್ಡಪ್ಪ ಚಿಕ್ಕಪ್ಪ, ಸೋದರಮಾವ, ಸೋದರತ್ತೆ ಮತ್ತು ಅವರ ಮಕ್ಕಳು. ಇವರ ವಿಷಯದಲ್ಲಿ ತಿಳಿಸಿದರೆ ಸಾಕು, ಸರಿಯಬೇಕೋ ಬೇಡವೋ ನಿರ್ದೇಶಕರು ಬರೆದು ತೀರ್ಮಾನಿಸಲಿ.

ಮನೆ ಹೆಸರು ಒಂದೇ ಎಂಬ ಕಾರಣಕ್ಕೆ ಯಾರನ್ನೂ ಪಟ್ಟಿಗೆ ಸೇರಿಸಬೇಡಿ. ಕೊಡವ ಹಾಕಿ ಹಬ್ಬದಲ್ಲಿ ಕುಟುಂಬ ಎಂದರೆ ಇಡೀ ಒಕ್ಕ, ಅಂದರೆ ಒಂದೇ ಮನೆ ಹೆಸರಿನ ವಂಶದವರೆಲ್ಲ. ಆ ಲೆಕ್ಕ ಮೈದಾನಕ್ಕೆ ಸರಿ, ಖರೀದಿ ಕೌಂಟರಿಗೆ ತಂದರೆ ನೂರಾರು ಹೆಸರಿನ ಪಟ್ಟಿಯಾಗಿ ಯಾರೂ ಅದನ್ನು ಓದುವುದಿಲ್ಲ. ಬದಲಿಗೆ ಹಣದ ನಂಟು ಕೇಳಿ: ಒಟ್ಟಿಗೆ ಪಾಲುದಾರಿಕೆ ಇದೆಯೇ, ಸಾಲಕ್ಕೆ ಜಾಮೀನು ನಿಂತಿದ್ದೀರಾ, ತೋಟ ಗುತ್ತಿಗೆಗೆ ಕೊಟ್ಟಿದ್ದೀರಾ ಅಥವಾ ಪಡೆದಿದ್ದೀರಾ, ಆರ್‌ಟಿಸಿಯಲ್ಲಿ ಒಟ್ಟಿಗೆ ಹೆಸರಿದೆಯೇ? ಇದ್ದರೆ ಎಷ್ಟೇ ದೂರದ ನೆಂಟನಾದರೂ, ನೆಂಟನೇ ಅಲ್ಲದಿದ್ದರೂ, ಒಳಸುತ್ತು.

ಘೋಷಣೆ ಏಪ್ರಿಲ್‌ನಲ್ಲಿ ತೆಗೆದುಕೊಳ್ಳುವುದು ಆಡಿಟ್‌ನವರ ಅಭ್ಯಾಸ. ನಿರ್ದೇಶಕರು ಎಂಬಿಪಿ-1 (ತಮ್ಮ ಹಿತಾಸಕ್ತಿ ತಿಳಿಸುವ ನಮೂನೆ) ಕೊಡುವುದು ಆರ್ಥಿಕ ವರ್ಷದ ಮೊದಲ ಬೋರ್ಡ್ ಮೀಟಿಂಗ್‌ನಲ್ಲಿ, ಅದು ಹಾಗೇ ಇರಲಿ. ಸಿಬ್ಬಂದಿಯಿಂದ ಮಾತ್ರ ನವೆಂಬರ್‌ನಲ್ಲಿ ತೆಗೆದುಕೊಳ್ಳಿ. ಅರೇಬಿಕಾ ಕುಯ್ಲು ಆಗಲೇ ಶುರು, ರೊಬಸ್ಟಾ ಜನವರಿಯಿಂದ. ಏಪ್ರಿಲ್‌ನಲ್ಲಿ ಬರೆದುಕೊಟ್ಟದ್ದು ಖರೀದಿಯ ಹೊತ್ತಿಗೆ ಹಳೆಯದಾಗಿರುತ್ತದೆ, ನಡುವೆ ಮದುವೆ ಸೀಸನ್ ಬೇರೆ ಕಳೆದಿರುತ್ತದೆ. ಹೊಸ ಸಂಬಂಧ ಗೊತ್ತಾದರೆ ಏಳು ದಿನದೊಳಗೆ ತಿಳಿಸಬೇಕು ಎಂದೂ ಸೇರಿಸಿ.


ಓಟಿ28:

ಲೆಕ್ಕಪತ್ರದವರು ಯಾರು ಎಂದು ಹೇಳಿದ್ದಾರೆ, ಎಲ್ಲಿ ಎಂದು ನಾನು ಹೇಳುತ್ತೇನೆ. ಚೆರಿ ಖರೀದಿಯಲ್ಲಿ ಮೋಸ ದರದಲ್ಲಿ ಆಗುವುದು ಕಡಿಮೆ. ಗ್ರಾಂನಲ್ಲಿ ಆಗುತ್ತದೆ.

500 ಗ್ರಾಂ ಚೆರಿ ಸುಲಿದು 260 ಗ್ರಾಂ ಬೀಜ ಬಂದರೆ 50 ಕೆಜಿ ಚೀಲಕ್ಕೆ 26 ಕೆಜಿ, ಓಟಿ 26. ಅಂದರೆ ಸ್ಯಾಂಪಲ್‌ನಲ್ಲಿ 10 ಗ್ರಾಂ ಹೆಚ್ಚಾದರೆ ಒಂದು ಓಟಿ, 5 ಗ್ರಾಂ ಹೆಚ್ಚಾದರೆ ಅರ್ಧ ಓಟಿ. 100 ಚೀಲದ ಲೋಡಿಗೆ ಅರ್ಧ ಓಟಿ ಎಂದರೆ 50 ಕೆಜಿ ಬೀಜ. ಲೆಕ್ಕಕ್ಕೆಂದು ಬೀಜಕ್ಕೆ ಕೆಜಿಗೆ 400 ರೂಪಾಯಿ ಇಟ್ಟುಕೊಳ್ಳಿ, 20,000 ರೂಪಾಯಿ ಆಯಿತು. ಐದು ಗ್ರಾಂ ಎಂದರೆ ಒಂದು ಚಿಟಿಕೆ ಬೀಜ. ಅದಕ್ಕೆ ತಕ್ಕಡಿ ತಿದ್ದಬೇಕಾಗಿಲ್ಲ. ಒಣಗಿದ, ದಪ್ಪ ಕಾಯಿ ಇರುವ ಚೀಲಕ್ಕೇ ಕೊಳವೆ ಚುಚ್ಚಿದರೆ ಬರುತ್ತದೆ. ಸುಲಿಯುವ ಯಂತ್ರದಲ್ಲಿ ಹಿಂದಿನ ಸ್ಯಾಂಪಲ್‌ನ ಬೀಜ ಉಳಿದಿದ್ದರೆ ಬರುತ್ತದೆ. ಹೊಟ್ಟು ಪೂರ್ತಿ ಊದದೆ ತೂಗಿದರೂ ಬರುತ್ತದೆ. ಮೇಲ್ವಿಚಾರಕರು ಪ್ರಾಮಾಣಿಕರೇ ಆಗಿದ್ದರೂ ಭಾವಮೈದುನ ಎದುರಿಗೆ ನಿಂತಾಗ ಕೈ ಸ್ವಲ್ಪ ಸಡಿಲ ಆಗುತ್ತದೆ, ಅವರಿಗೇ ಗೊತ್ತಾಗದ ಹಾಗೆ.

ತೇವಾಂಶದಲ್ಲೂ ಇದೇ ಕಥೆ. 12 ಶೇಕಡಾ ಇರುವ 5,000 ಕೆಜಿ ಚೆರಿಯನ್ನು 11 ಎಂದು ಬರೆದುಕೊಂಡರೆ ಸುಮಾರು 56 ಕೆಜಿ ನೀರಿಗೆ ಕಾಫಿಯ ದುಡ್ಡು ಕೊಟ್ಟಂತೆ. ಕಣದ ಬಿಸಿಲಿನಿಂದ ನೇರ ತಂದ ಬಿಸಿ ಸ್ಯಾಂಪಲ್ ಮೀಟರಿಗೆ ಹಾಕಿದರೂ ಅಂಕಿ ತಪ್ಪುತ್ತದೆ, ನೆರಳಿನಲ್ಲಿ ಆರಲು ಬಿಡಿ.

ಹಾಗಾಗಿ ಸಂಬಂಧಿಕರ ಕಾಫಿಗೆ, ಆದಷ್ಟೂ ಎಲ್ಲರ ಕಾಫಿಗೂ, ಈ ಕ್ರಮ ಇಡಿ. ಗೇಟಿನಲ್ಲಿ ಲಾಟ್ ನಂಬರ್ ಕೊಟ್ಟು ಹೆಸರಿನ ಪುಸ್ತಕವನ್ನು ಅಕೌಂಟ್ಸ್‌ನಲ್ಲಿಡಿ, ಲ್ಯಾಬಿಗೆ ನಂಬರ್ ಮಾತ್ರ ಹೋಗಲಿ. 100 ಚೀಲಕ್ಕೆ ಕನಿಷ್ಠ 20 ಚೀಲದಿಂದ, ಮೇಲೆ ನಡುವೆ ಕೆಳಗೆ ಮೂರೂ ಕಡೆ ಚುಚ್ಚಿ ತೆಗೆಯಿರಿ. ಯಾವ 20 ಚೀಲ ಎಂಬುದನ್ನು ಲಾರಿಯಿಂದ ಇಳಿಸುವ ಮೊದಲೇ ಬೇರೆಯವರು ಹೇಳಬೇಕು, ಮಾರುವವರೂ ಅಲ್ಲ, ಸ್ಯಾಂಪಲ್ ತೆಗೆಯುವವರೂ ಅಲ್ಲ. ಎಲ್ಲವನ್ನೂ ಟಾರ್ಪಾಲ್ ಮೇಲೆ ಸುರಿದು ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದು ಮತ್ತೆ ಕಲಸಿ. ಕೊನೆಗೆ ಉಳಿದದ್ದು ಮೂರು ಪೊಟ್ಟಣ: ಒಂದು ಪರೀಕ್ಷೆಗೆ, ಒಂದು ಮಾರುವವರಿಗೆ, ಒಂದು ಎರಡೂ ಕಡೆಯ ಸಹಿಯೊಂದಿಗೆ ಸೀಲ್ ಮಾಡಿ ಇಡುವುದಕ್ಕೆ. ಮೂರನೆಯದನ್ನು ಹಣ ಪೂರ್ತಿ ಸಂದಾಯವಾದ ಮೇಲೂ 30 ದಿನ ಇಡಿ. ದಪ್ಪ ಪಾಲಿಥಿನ್‌ನಲ್ಲಿ ಗಾಳಿ ಆಡದ ಹಾಗೆ ಸೀಲ್ ಆಗಬೇಕು. ಬಟ್ಟೆ ಚೀಲದಲ್ಲಿಟ್ಟರೆ ಮುಂದೆ ಪರೀಕ್ಷೆ ಮಾಡಿದಾಗ ತೇವಾಂಶವೇ ಬದಲಾಗಿರುತ್ತದೆ, ಜಗಳ ಬಗೆಹರಿಯುವುದಿಲ್ಲ.

ಒಂದು ಓಟಿ ಪರೀಕ್ಷೆ ಸಾಲದು, ಎರಡು ಮಾಡಿ ಸರಾಸರಿ ತೆಗೆಯಿರಿ. ಎರಡರ ನಡುವೆ ಅರ್ಧ ಓಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯದು. ಸಂಬಂಧಿಕರ ಪ್ರತಿ ಐದು ಲಾಟ್‌ಗೆ ಒಂದನ್ನು ಬೇರೆ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸಿ ಮರುಪರೀಕ್ಷೆ ಮಾಡಿಸಿ. ಯಾವ ಲಾಟ್ ಎಂದು ಆಮೇಲೆ ಆರಿಸಬೇಕು, ಮೊದಲೇ ಗೊತ್ತಾಗಬಾರದು.

ನಂಬರ್ ಕೊಟ್ಟರೂ ಚಿಕ್ಕ ಘಟಕದಲ್ಲಿ ಯಾರ ಲಾರಿ ಎಂದು ಎಲ್ಲರಿಗೂ ಕಾಣುತ್ತದೆ ಎನ್ನುವಿರಿ. ನಿಜ. ಅದಕ್ಕೇ ನಂಬರ್ ಒಂದನ್ನೇ ನಂಬಿ ಕೂರಬಾರದು, ಉಳಿದದ್ದೂ ಬೇಕು.

ದರದ ಬಗ್ಗೆ ಒಂದೇ ಮಾತು. ಕಾಫಿ ಈಗ ಇಳಿಸಿ ದರ ಆಮೇಲೆ ಫಿಕ್ಸ್ ಮಾಡುವ ಪದ್ಧತಿ ಇದ್ದರೆ ದೊಡ್ಡ ತೂತು ಅದೇ. ಲಂಡನ್ ರೊಬಸ್ಟಾ ಮಾರುಕಟ್ಟೆ ತೆರೆಯುವುದು ನಮ್ಮ ಮಧ್ಯಾಹ್ನ. ಸಂಜೆ ಬೆಲೆ ಬಿದ್ದದ್ದು ನೋಡಿ 'ಬೆಳಗ್ಗೆಯೇ ಫಿಕ್ಸ್ ಹೇಳಿದ್ದೆ' ಎಂದು ಬೆಳಗಿನ ದರಕ್ಕೆ ಬರೆಸಿಕೊಳ್ಳುವುದು ಬಾಯಿಮಾತಿನ ವ್ಯವಹಾರದಲ್ಲಿ ಸುಲಭ. ಫಿಕ್ಸ್ ಮಾಡುವುದು ಆಫೀಸಿನ ಒಂದೇ ಮೊಬೈಲ್ ನಂಬರಿಗೆ ಮೆಸೇಜ್ ಮೂಲಕ ಮಾತ್ರ, ಮೆಸೇಜ್ ಬಂದ ಹೊತ್ತಿನ ಬೋರ್ಡ್ ದರವೇ ದರ. ಆ ಮೊಬೈಲ್ ಮೇಲ್ವಿಚಾರಕರ ಜೇಬಿನಲ್ಲಿರಬಾರದು.

ಇನ್ನು ಸಂಬಂಧಿಕರ ಕಾಫಿ ಬೇಡವೇ ಬೇಡ ಎನ್ನುವ ನಿಯಮ ಬೇಡ. ಅದೇ ಕಾಫಿ ಬೇರೆ ವ್ಯಾಪಾರಿಯ ಹೆಸರಿನಲ್ಲಿ ಅದೇ ಗೇಟಿಗೆ ಬರುತ್ತದೆ, ಆಗ ನಿಮಗೆ ಗೊತ್ತೂ ಆಗುವುದಿಲ್ಲ.


ಸಿಬ್ಬಂದಿ_ಕಡತ:

ಕ್ಯಾಷಿಯರ್ ಮಗಳ ವಿಷಯ. ಮಗಳು ಎಂಬುದು ಇಲ್ಲಿ ಅಡ್ಡಿಯಲ್ಲ, ಹುದ್ದೆಗಳ ಜೋಡಿ ಅಡ್ಡಿ. ಕ್ಯಾಷಿಯರ್ ಹಣ ಕೊಡುತ್ತಾರೆ, ಗುಮಾಸ್ತರು ವೋಚರ್ ಬರೆಯುತ್ತಾರೆ, ಬ್ಯಾಂಕ್ ಲೆಕ್ಕ ತಾಳೆ ನೋಡುತ್ತಾರೆ. ಒಬ್ಬರ ತಪ್ಪು ಇನ್ನೊಬ್ಬರಿಗೆ ಸಿಗಲಿ ಎಂದೇ ಎರಡು ಕೈ ಇಟ್ಟದ್ದು. ಎರಡೂ ಒಂದೇ ಮನೆಯದಾದರೆ ಕಾಗದದ ಮೇಲೆ ಎರಡು ಸಹಿ ಇರುತ್ತದೆ ಅಷ್ಟೇ.

ಆದ್ದರಿಂದ ಅರ್ಜಿ ತಿರಸ್ಕರಿಸಬೇಡಿ, ಆಯ್ಕೆಯನ್ನು ಸರಿಯಾಗಿ ಮಾಡಿ. ಅರ್ಜಿ ನಮೂನೆಯಲ್ಲೇ 'ಇಲ್ಲಿ ಕೆಲಸ ಮಾಡುವ ಸಂಬಂಧಿಕರು ಯಾರು' ಎಂಬ ಕಾಲಂ ಇರಲಿ. ಮರೆಮಾಚಿದರೆ ನೇಮಕ ರದ್ದು ಎಂದು ಕೆಳಗೇ ಬರೆದಿರಲಿ. ಹತ್ತು ವೋಚರ್ ಕೊಟ್ಟು ಟ್ಯಾಲಿಯಲ್ಲಿ ಹಾಕಿಸಿ, ಒಂದು ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟು ತಾಳೆ ಮಾಡಿಸಿ. ಉತ್ತರದ ಮೇಲೆ ಹೆಸರಿಲ್ಲ, ನಂಬರ್ ಮಾತ್ರ. ಅಂಕ ಹಾಕಿ ಮುಗಿದ ಮೇಲೆ ಸಂದರ್ಶನ. ಸಮಿತಿಯಲ್ಲಿ ಕ್ಯಾಷಿಯರ್ ಇರಬಾರದು. ಅರ್ಜಿಗಳ ಕಡತವೂ ಅವರ ಮೇಜಿಗೆ ಹೋಗಬಾರದು, ಇದನ್ನು ಮರೆಯುವವರೇ ಹೆಚ್ಚು.

ಆಕೆಯೇ ಮೊದಲು ಬಂದರೆ ಡಿಸ್ಪ್ಯಾಚ್ ಅಥವಾ ಸ್ಟೋರ್ಸ್‌ನಲ್ಲಿ ಜಾಗ ಇದೆಯೇ ನೋಡಿ, ಅಲ್ಲಿಂದ ಒಬ್ಬರನ್ನು ಅಕೌಂಟ್ಸ್‌ಗೆ ತನ್ನಿ. ಇಲ್ಲದಿದ್ದರೆ ಈ ಹುದ್ದೆಗೆ ಆಗುವುದಿಲ್ಲ ಎಂದು ಕಾರಣ ಬರೆದು ಹೇಳಿ: 'ಕ್ಯಾಷಿಯರ್ ಕೆಲಸವನ್ನು ಪರಿಶೀಲಿಸುವ ಹುದ್ದೆ, ಆದ್ದರಿಂದ ಕ್ಯಾಷಿಯರ್ ಕುಟುಂಬದವರಿಗೆ ಕೊಡಲಾಗದು.' ಅರ್ಹತೆ ಸಾಲದು ಎಂದು ಸುಳ್ಳು ಕಾರಣ ಬರೆಯಬೇಡಿ. ಮುಂದಿನ ಖಾಲಿ ಹುದ್ದೆಗೆ ಅವರನ್ನೇ ಕರೆಯಬೇಕಾಗಿ ಬಂದಾಗ ಆ ಕಾಗದ ಎದುರಿಗೆ ನಿಲ್ಲುತ್ತದೆ.

ಕ್ಯಾಷಿಯರ್‌ಗೆ ವರ್ಷಕ್ಕೊಮ್ಮೆ ಸತತ ರಜೆಯೂ ಕಡ್ಡಾಯ ಮಾಡಿ. ಬ್ಯಾಂಕುಗಳಲ್ಲಿ ಸೂಕ್ಷ್ಮ ಹುದ್ದೆಯವರಿಗೆ 10 ಕೆಲಸದ ದಿನಗಳ ಕಡ್ಡಾಯ ರಜೆ ಎಂಬ ರಿಸರ್ವ್ ಬ್ಯಾಂಕ್ ಸೂಚನೆ ಇದೆ. ನಿಮಗೆ ಅದು ಅನ್ವಯಿಸದು, ಆದರೂ ಅಳತೆಗೋಲಾಗಿ ಒಳ್ಳೆಯದು. ಆ ಹತ್ತು ದಿನ ಕುರ್ಚಿಯಲ್ಲಿ ಕೂರುವವರು ಅವರ ಮನೆಯವರಾಗಿರಬಾರದು.

ಇಬ್ಬರು ಸಿಬ್ಬಂದಿ ಪರಸ್ಪರ ಮದುವೆಯಾದರೆ ಏನು ಎಂಬುದನ್ನೂ ಈಗಲೇ ಬರೆದಿಡಿ. ಒಬ್ಬರು ಇನ್ನೊಬ್ಬರಿಗೆ ವರದಿ ಮಾಡುವಂತಿಲ್ಲ, ಒಬ್ಬರ ಕೆಲಸವನ್ನು ಇನ್ನೊಬ್ಬರು ಪರಿಶೀಲಿಸುವಂತಿಲ್ಲ, 60 ದಿನದೊಳಗೆ ಒಬ್ಬರ ವಿಭಾಗ ಬದಲು, ಸಂಬಳ ಕಡಿತ ಇಲ್ಲ. ಯಾರು ಬದಲಾಗಬೇಕು ಎಂಬುದು ಕೆಲಸದ ಸ್ವರೂಪ ನೋಡಿ. ಮದುಮಗಳೇ ರಾಜೀನಾಮೆ ಕೊಡಲಿ ಎಂದು ಬಾಯಿಮಾತಿನಲ್ಲಿ ಹೇಳಿಸುವ ಚಾಳಿ ಇದೆಯಲ್ಲ, ಅದಕ್ಕೆ ಜಾಗ ಬಿಡಬೇಡಿ.


ಕೂಡ್ಲೂರು_ಆಫೀಸ್:

ಎಲ್ಲರಿಗೂ ಧನ್ಯವಾದ. ಓಟಿ28 ಅವರ ಕ್ರಮ ಪೂರ್ತಿ ಅಳವಡಿಸಬಹುದು ಅನ್ನಿಸುತ್ತಿದೆ. ಉಳಿದದ್ದು ಎರಡು ತೊಂದರೆ. ಓಟಿ ಗೊತ್ತಿರುವ ಇನ್ನೊಬ್ಬರು ಎಂದರೆ ಲ್ಯಾಬ್ ಸಹಾಯಕರು, ಅವರು ಮೇಲ್ವಿಚಾರಕರ ಕೈಕೆಳಗೇ ಇರುವವರು. ಇನ್ನೊಂದು, 'ನನ್ನ ಮೇಲೆ ಅನುಮಾನವೇ' ಎಂದು ಮೇಲ್ವಿಚಾರಕರು ಈಗಲೇ ಮುನಿಸಿಕೊಂಡಿದ್ದಾರೆ.


ಸಹಕಾರಿ_ನಾಪೋಕ್ಲು:

ಮೊದಲ ತೊಂದರೆಯೇ ದೊಡ್ಡದು, ಮುನಿಸು ಚಿಕ್ಕದು. ಪಕ್ಕಕ್ಕೆ ಸರಿದವರ ಜಾಗದಲ್ಲಿ ಅವರ ಕೈಕೆಳಗಿನವರನ್ನು ಕೂರಿಸಿದರೆ ಯಾರೂ ಸರಿದಂತಲ್ಲ. ಸಹಾಯಕರ ರಜೆ, ಇನ್‌ಕ್ರಿಮೆಂಟ್, ಸೀಸನ್ ಬೋನಸ್ ಶಿಫಾರಸು ಎಲ್ಲ ಮೇಲ್ವಿಚಾರಕರ ಕೈಯಲ್ಲಿದ್ದರೆ ಭಾವಮೈದುನನ ಲಾಟ್‌ಗೆ ಅವರು ಎಷ್ಟು ಓಟಿ ಬರೆಯುತ್ತಾರೆ ಎಂದು ಊಹಿಸಿ.

ದಾರಿ ಎರಡು. ಒಂದು, ಸಹಾಯಕರ ಶಿಫಾರಸುಗಳನ್ನು ಪೂರ್ತಿಯಾಗಿ ನಿರ್ದೇಶಕರಿಗೆ ವರ್ಗಾಯಿಸುವುದು, ಆ ಲಾಟ್‌ಗಳ ಮಟ್ಟಿಗೆ ಮಾತ್ರ ಎಂದು ಅರ್ಧಂಬರ್ಧ ಮಾಡದೆ. ಎರಡು, ಸಂಬಂಧಿಕರ ಕಾಫಿಗೆ ವಾರದಲ್ಲಿ ಎರಡೇ ದಿನ ಗೊತ್ತುಮಾಡಿ, ಮಂಗಳವಾರ ಶುಕ್ರವಾರ ಎಂದಿಟ್ಟುಕೊಳ್ಳಿ. ಆ ದಿನಗಳಿಗೆ ನಿವೃತ್ತ ಓಟಿಯವರೊಬ್ಬರನ್ನು ಲಾಟ್‌ಗೆ ಇಷ್ಟು ಎಂದು ಕರೆಸಿ. ಲಾಟ್‌ಗೆ ಇಷ್ಟು ಎಂದರೆ ಪಕ್ಕಾ ಮೊತ್ತ, ಓಟಿಯ ಮೇಲೆ ಕಮಿಷನ್ ಅಲ್ಲ. ಭಾವಮೈದುನನಿಗೆ ಸ್ವಲ್ಪ ಅನಾನುಕೂಲ ಆಗುತ್ತದೆ. ಆಗಲಿ, ಮಾರಲು ಬೇರೆ ಗೇಟುಗಳೂ ಇವೆಯಲ್ಲ.

ಸಹಕಾರ ಸಂಘಗಳಲ್ಲಿ ಈ ಸರಿಯುವ ಕ್ರಮ ಹಳೆಯದು, ಹಾಳಾಗುವ ರೀತಿಯೂ ಹಳೆಯದು. ನಿರ್ದೇಶಕರೊಬ್ಬರ ತಮ್ಮನ ಸಾಲದ ಅರ್ಜಿ ಸಭೆಗೆ ಬಂದಾಗ ನಡಾವಳಿಯಲ್ಲಿ 'ಸದರಿ ನಿರ್ದೇಶಕರು ಚರ್ಚೆಯಲ್ಲಿ ಭಾಗವಹಿಸಲಿಲ್ಲ' ಎಂದು ಬರೆದಿರುತ್ತದೆ, ಮನುಷ್ಯ ಅದೇ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಅವರ ಮುಖ ನೋಡಿಕೊಂಡು ಯಾರು ಬೇಡ ಅನ್ನುತ್ತಾರೆ? ಹೊರಗೆ ಹೋದ ಸಮಯ, ಒಳಗೆ ಬಂದ ಸಮಯ ಎರಡೂ ಬರೆಯಬೇಕು. ಅವರು ಹೊರಗಿದ್ದಾಗ ಕೋರಂ ಇತ್ತೇ ಎಂಬುದನ್ನೂ ಬರೆಯಬೇಕು, ಇಲ್ಲದಿದ್ದರೆ ತೀರ್ಮಾನವೇ ಬೀಳುತ್ತದೆ. ಇಂಥ ಅರ್ಜಿಗಳನ್ನು ಕಾರ್ಯಸೂಚಿಯ ಕೊನೆಗೆ ಹಾಕಬೇಡಿ. ಆ ಹೊತ್ತಿಗೆ ನಾಲ್ಕು ಜನ ಎದ್ದು ಹೋಗಿರುತ್ತಾರೆ.

ನಿಮ್ಮ ಕಂಪನಿಗೂ ಇದು ಬೇಕು. ಪ್ರೈವೇಟ್ ಕಂಪನಿಯ ಮಟ್ಟಿಗೆ 2015ರ ಅಧಿಸೂಚನೆಯ ಪ್ರಕಾರ, ತನ್ನ ಹಿತಾಸಕ್ತಿ ತಿಳಿಸಿದ ನಿರ್ದೇಶಕರು ಸಭೆಯಲ್ಲಿ ಕೂರಬಹುದು. ಕಾನೂನು ಬಿಟ್ಟಿದೆ ಎಂದು ನೀವೂ ಬಿಡಬೇಡಿ. ಹೊಟ್ಟಿನ ಮಾರಾಟ ಚರ್ಚೆಗೆ ಬಂದಾಗ ಆ ನಿರ್ದೇಶಕರು ಹೊರಗೆ ಎಂದು ನಿಮ್ಮ ನಿಯಮದಲ್ಲೇ ಬರೆಯಿರಿ. ಆಗ ಮೇಲ್ವಿಚಾರಕರ ಮುನಿಸೂ ಅರ್ಧ ಇಳಿಯುತ್ತದೆ. ನಿಯಮ ಮೊದಲು ಮಾಲೀಕರ ಮನೆಗೆ, ಆಮೇಲೆ ಸಿಬ್ಬಂದಿಗೆ. ಅವರಿಗೆ ಕೊಡುವ ಪತ್ರದಲ್ಲಿ 'ಅನುಮಾನ', 'ಆರೋಪ' ಎಂಬ ಪದಗಳೇ ಬೇಡ, 'ನಿಮ್ಮ ರಕ್ಷಣೆಗಾಗಿ' ಎಂಬ ತುಪ್ಪ ಸವರುವ ಮಾತೂ ಬೇಡ. ಇಂಥ ದಿನಾಂಕದಿಂದ ಇಂಥ ಲಾಟ್‌ಗಳನ್ನು ಇಂಥವರು ನೋಡುತ್ತಾರೆ ಎಂದಷ್ಟೇ ಇರಲಿ.

ಆರ್‌ಟಿಸಿಯ ವಿಷಯ ಲೆಕ್ಕಪತ್ರದವರು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ, ಕೊಡಗಿನಲ್ಲಿ ಅದಕ್ಕೆ ಇನ್ನೂ ಎರಡು ಸಾಲು ಬೇಕು. ಜಮ್ಮಾ ಜಾಗದ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಆರ್‌ಟಿಸಿಯಲ್ಲಿ ಪಟ್ಟೇದಾರರ ಹೆಸರಿನ ಜೊತೆ ಕುಟುಂಬದವರ ಹೆಸರುಗಳ ಸಾಲೇ ಇರುತ್ತದೆ. ಸ್ವಾಧೀನ ಮಾತ್ರ ಯಾವಾಗಲೋ ಬೇರೆಬೇರೆ ಆಗಿರುತ್ತದೆ. ಹೆಸರು ಒಟ್ಟಿಗಿದೆ ಎಂಬುದೊಂದರಿಂದ ಹಣದ ನಂಟು ಎಂದುಕೊಂಡರೆ ಮತ್ತೆ ಇಡೀ ಒಕ್ಕ ಪಟ್ಟಿಗೆ ಬರುತ್ತದೆ. ಪ್ರಶ್ನೆಯನ್ನು ಹೀಗೆ ಕೇಳಿ: ಮಾರುವ ಕಾಫಿ ಬೆಳೆದ ಜಾಗದ ಆದಾಯದಲ್ಲಿ ನಿಮಗೆ ಪಾಲು ಇದೆಯೇ? ಆ ಜಾಗದ ಮೇಲಿನ ಸಾಲಕ್ಕೆ ನಿಮ್ಮ ಸಹಿ ಇದೆಯೇ? ಎರಡರಲ್ಲಿ ಒಂದಕ್ಕೆ ಹೌದು ಎಂದರೆ ಮಾತ್ರ ಒಳಸುತ್ತು.


ಬಾಳೆಲೆ_ತೋಟ:

ಕಂಪನಿಗೆ ಸ್ವಂತ ತೋಟವೂ ಇದ್ದರೆ ಚೆಕ್‌ರೋಲ್ (ಕಾರ್ಮಿಕರ ಹಾಜರಿ ಮತ್ತು ಕೂಲಿಯ ಪುಸ್ತಕ) ಮರೆಯಬೇಡಿ. ರೈಟರ್ (ತೋಟದ ಗುಮಾಸ್ತ) ಅಥವಾ ಮೇಸ್ತ್ರಿಯ ಮನೆಯವರು ಅದೇ ತೋಟದಲ್ಲಿ ಕೆಲಸ ಮಾಡುವುದು ಮಾಮೂಲು, ಅದರಲ್ಲಿ ತಪ್ಪಿಲ್ಲ. ಆದರೆ ಹೆಸರು ಕರೆಯುವವರು, ಕುಯ್ದ ಹಣ್ಣು ತೂಗುವವರು, ಬಟವಾಡೆ ಮಾಡುವವರು ಮೂವರೂ ಬೇರೆ ಇರಬೇಕು. ಬಾರದವರ ಹಾಜರಿ ಬೀಳುವುದು, ಒಬ್ಬರು ಕುಯ್ದದ್ದು ಇನ್ನೊಬ್ಬರ ಲೆಕ್ಕಕ್ಕೆ ಹೋಗುವುದು ಈ ಮೂರೂ ಒಂದೇ ಕೈಯಲ್ಲಿದ್ದಾಗ.

ತಾಳೆ ಸುಲಭ. ಕೆಜಿ ಲೆಕ್ಕದ ಕುಯ್ಲಿನಲ್ಲಿ ಎಲ್ಲರ ಚೀಟಿಯ ಕೆಜಿ ಕೂಡಿಸಿ, ಅದೇ ಸಂಜೆ ಕಣಕ್ಕೆ ಅಥವಾ ಪಲ್ಪರಿಗೆ (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಬಂದ ಹಣ್ಣಿನ ತೂಕದ ಪಕ್ಕ ಇಡಿ. ಚೀಟಿಯ ಮೊತ್ತ ದಿನಾ ಒಂದೇ ಬದಿಗೆ ಹೆಚ್ಚು ಬರುತ್ತಿದ್ದರೆ ತಕ್ಕಡಿಯ ದೋಷವೋ ಮನುಷ್ಯರ ದೋಷವೋ ನೋಡಬೇಕು. ಅವತ್ತೇ ನೋಡಬೇಕು, ಮರುದಿನ ಹಣ್ಣಿನ ತೂಕ ಇಳಿದಿರುತ್ತದೆ.


ಲೆಕ್ಕಪತ್ರ_ವಿರಾಜಪೇಟೆ:

ಹೊಟ್ಟಿನ ಬಗ್ಗೆ. ಉಪವಸ್ತು ಎಂದು ಹಗುರವಾಗಿ ಬಿಡುವುದರಿಂದಲೇ ಸಂಬಂಧಿಕರ ವ್ಯವಹಾರ ಹೆಚ್ಚು ಕಾಲ ಬಾಳುವುದು ಅಲ್ಲಿ. ಚೆರಿಯ ಓಟಿ 26 ಎಂದರೆ 50 ಕೆಜಿಯಲ್ಲಿ 24 ಕೆಜಿ ಬೀಜ ಅಲ್ಲದ್ದು. ಧೂಳು, ತೇವಾಂಶ, ಕಲ್ಲುಕಡ್ಡಿ ಕಳೆದರೂ ಉಳಿದದ್ದು ಹೊಟ್ಟು. ಸೀಸನ್‌ನಲ್ಲಿ ಸಾವಿರ ಟನ್ ಚೆರಿ ಸುಲಿದರೆ ಹೊಟ್ಟೇ ನೂರಾರು ಟನ್, ಇಂಧನವಾಗಿ ದುಡ್ಡಿರುವ ಮಾಲು. ವರ್ಷಕ್ಕೊಮ್ಮೆ ಮೂರು ಕಡೆಯಿಂದ ಸೀಲ್ ಮಾಡಿದ ಕೊಟೇಶನ್ ಕರೆಯಿರಿ, ಲಾರಿ ಲೆಕ್ಕ ಬಿಟ್ಟು ವೇಬ್ರಿಡ್ಜ್ ತೂಕಕ್ಕೆ ಮಾರಿ. ಚಿಕ್ಕಪ್ಪನ ಮಗನೇ ಹೆಚ್ಚು ಕೊಟ್ಟರೆ ಅವನಿಗೇ ಹೋಗಲಿ. ಬಿಬಿಬಿ (ಕಪ್ಪು, ಕಂದು, ಒಡೆದ ಬೀಜ) ಮಾರಾಟಕ್ಕೂ ಇದೇ ನಿಯಮ. ಅದಕ್ಕೆ ಇನ್ನೂ ಹೆಚ್ಚು ಜಾಗ್ರತೆ ಬೇಕು, ಏಕೆಂದರೆ ಒಳ್ಳೆಯ ಬೀಜ ಬಿಬಿಬಿ ಚೀಲಕ್ಕೆ ಸೇರಿ ಹೊರಗೆ ಹೋಗಬಹುದು. ಲೋಡ್ ಹೊರಡುವ ಮೊದಲು ಒಂದು ಸ್ಯಾಂಪಲ್ ತೆಗೆದಿಡಿ.

ವ್ಯಾಪಾರಿಯ ಕಾಫಿಯನ್ನು 'ಬೆಳೆಗಾರರಿಂದ ಖರೀದಿ' ಎಂದು ಬರೆಯುತ್ತಿಲ್ಲವೇ ಎಂದೂ ನೋಡಿಕೊಳ್ಳಿ. ದಿನಕ್ಕೆ 10,000 ರೂಪಾಯಿ ಮೀರಿದ ನಗದು ಪಾವತಿಯ ಮೇಲಿನ ತೆರಿಗೆ ನಿರ್ಬಂಧಕ್ಕೆ ಕೃಷಿ ಉತ್ಪನ್ನದ ಬೆಳೆಗಾರರ ಮಟ್ಟಿಗೆ ವಿನಾಯಿತಿ ಇದೆ, ವ್ಯಾಪಾರಿಗೆ ಇಲ್ಲ. ಪರಿಚಯದವರೆಂದು ನಗದು ಕೊಟ್ಟು ಬೆಳೆಗಾರನ ಖಾತೆಗೆ ಬರೆದರೆ ನೆಂಟಸ್ತಿಕೆಯ ಪ್ರಶ್ನೆ ತೆರಿಗೆಯ ಪ್ರಶ್ನೆಯಾಗುತ್ತದೆ. ಒಳಸುತ್ತಿನವರಿಗೆ ಬ್ಯಾಂಕ್ ಮೂಲಕ ಮಾತ್ರ ಎಂದು ಬರೆದುಬಿಡಿ.

ಗೇಟಿನ ಹತ್ತಿರದ ಮಾತಿನ ಬಗ್ಗೆ: ಯಾರನ್ನೂ ಕರೆದು ಕೇಳುವ ಮೊದಲು ಕಳೆದ ಸೀಸನ್‌ನ ಪುಸ್ತಕ ತೆಗೆಯಿರಿ. ಭಾವಮೈದುನನ ಹತ್ತು ಲಾಟ್, ಅದೇ ವಾರಗಳಲ್ಲಿ ಅದೇ ಕಡೆಯಿಂದ ಬಂದ ಬೇರೆಯವರ ಹತ್ತು ಲಾಟ್. ಖರೀದಿಯಲ್ಲಿ ಬರೆದ ಓಟಿ ಒಂದು ಕಾಲಂ, ಮಿಲ್ಲಿನಲ್ಲಿ ಸುಲಿದಾಗ ನಿಜಕ್ಕೂ ಬಂದದ್ದು ಇನ್ನೊಂದು. ಬೇರೆಯವರದ್ದು ಮೇಲೆ ಕೆಳಗೆ ಆಡುತ್ತಾ ಇವರದ್ದು ಮಾತ್ರ ಪ್ರತಿ ಸಲವೂ ಮಿಲ್ಲಿನಲ್ಲಿ ಕಡಿಮೆ ಬಂದಿದ್ದರೆ ಮುಂದುವರಿಯಲು ಆಧಾರ ಇದೆ. ಆಗಲೂ ನೋಟಿಸ್, ಉತ್ತರಕ್ಕೆ ಸಮಯ, ವಿಚಾರಣೆ ಆಗಬೇಕು. ಒಂದೇ ದಿನ ಮನೆಗೆ ಕಳಿಸುವ ಹಾಗಿಲ್ಲ.


ಓಟಿ28:

ಅಲ್ಲೊಂದು ತೊಡಕಿದೆ ಸರ್. ಹೆಚ್ಚಿನ ಕಡೆ ಸಣ್ಣ ಲಾಟ್‌ಗಳನ್ನು ಕೂಡಿಸಿಯೇ ಮಿಲ್ಲಿಗೆ ಬಿಡುತ್ತಾರೆ. ಕಳೆದ ವರ್ಷದ್ದು ಕೂಡಿಸಿ ಸುಲಿದಿದ್ದರೆ ಆ ಎರಡನೇ ಕಾಲಂ ತುಂಬಲು ಅಂಕಿಯೇ ಇರುವುದಿಲ್ಲ. ಸಿಕ್ಕಿದ ಅಂಕಿಯಿಂದ ಯಾರ ಮೇಲೂ ತೀರ್ಮಾನಕ್ಕೆ ಬರಬೇಡಿ. ಈ ಸೀಸನ್‌ನಿಂದ ಒಳಸುತ್ತಿನವರ ಲಾಟ್‌ಗಳಲ್ಲಿ ಮೂರಕ್ಕೊಂದನ್ನಾದರೂ ಬೇರೆಯಾಗಿ ಸುಲಿಯಿರಿ, ಹೋಲಿಕೆಗೆ ಬೇರೆಯವರ ಅಷ್ಟೇ ಲಾಟ್‌ಗಳನ್ನೂ. ಲಾಟ್ ಬದಲಾಗುವಾಗ ಯಂತ್ರ ಪೂರ್ತಿ ಖಾಲಿಯಾಗುವವರೆಗೆ ಓಡಿಸಿ. ಚೆರಿ ಗೋದಾಮಿನಲ್ಲಿ ವಾರಗಟ್ಟಲೆ ಕೂತಿದ್ದರೆ ಸುಲಿಯುವ ದಿನದ ತೇವಾಂಶವನ್ನೂ ಪಕ್ಕದಲ್ಲಿ ಬರೆಯಿರಿ, ಇಲ್ಲದಿದ್ದರೆ ಒಣಗಿ ಇಳಿದ ತೂಕ ಮೇಲ್ವಿಚಾರಕರ ತಲೆಗೆ ಬರುತ್ತದೆ.


ಕೂಡ್ಲೂರು_ಆಫೀಸ್:

ಕರಡಿನ ಮುಖ್ಯ ಭಾಗ ಹೀಗೆ ಬಂದಿದೆ, ನೋಡಿ ಹೇಳಿ:

'ಒಳಸುತ್ತಿನ ಸಂಬಂಧಿಕರ ಅಥವಾ ಹಣದ ನಂಟಿರುವವರ ಮಾಲಿನ ವಿಷಯದಲ್ಲಿ ಸಿಬ್ಬಂದಿಯು ಸ್ಯಾಂಪಲ್, ಓಟಿ, ತೇವಾಂಶ, ದರ, ಪಾವತಿ, ದೂರು ಯಾವುದರಲ್ಲೂ ಭಾಗವಹಿಸತಕ್ಕದ್ದಲ್ಲ. ಬದಲಿ ವ್ಯಕ್ತಿಯು ಸದರಿ ಸಿಬ್ಬಂದಿಗೆ ಅಧೀನರಾಗಿರತಕ್ಕದ್ದಲ್ಲ. ಘೋಷಣೆಯು ಪ್ರತಿ ನವೆಂಬರ್ 15ರೊಳಗೆ, ಬದಲಾವಣೆ ಇದ್ದರೆ 7 ದಿನದೊಳಗೆ. ನಿರ್ದೇಶಕರಿಗೂ ಅನ್ವಯ. ಸೀಲ್ ಮಾಡಿದ ಸ್ಯಾಂಪಲ್‌ಗಳು ಲ್ಯಾಬಿನ ಬೀರುವಿನಲ್ಲಿ ಇರತಕ್ಕದ್ದು.'


ಸಹಕಾರಿ_ನಾಪೋಕ್ಲು:

ಭಾಗವಹಿಸತಕ್ಕದ್ದಲ್ಲ ಎಂಬುದರ ಜೊತೆ 'ಆ ಬಗ್ಗೆ ಬದಲಿ ವ್ಯಕ್ತಿಯೊಂದಿಗೆ ಮಾತನಾಡತಕ್ಕದ್ದಲ್ಲ' ಎಂದೂ ಸೇರಿಸಿ, ಫೋನಿನಲ್ಲೂ ಸೇರಿ. ಘೋಷಣೆ ಪತ್ರಗಳು ಯಾರ ಬಳಿ ಇರುತ್ತವೆ ಎಂಬುದೂ ಬರಬೇಕು. ಯಾರ ಸಾಲಕ್ಕೆ ಯಾರು ಜಾಮೀನು ಎಂಬ ವಿವರ ಅದರಲ್ಲಿರುತ್ತದೆ, ಅದು ಕ್ಯಾಂಟೀನಿನ ಮಾತಾಗಬಾರದು.


ಓಟಿ28:

ಕೊನೆಯ ಸಾಲು ಬದಲಿಸಿ. ಸ್ಯಾಂಪಲ್ ಬೀರು ಲ್ಯಾಬಿನಲ್ಲಿ ಬೇಡ, ಅಕೌಂಟ್ಸ್ ಕೋಣೆಯಲ್ಲಿ. ಎರಡು ಬೀಗ, ಒಂದು ಕೀ ಅಕೌಂಟ್ಸ್‌ನಲ್ಲಿ, ಇನ್ನೊಂದು ನಿರ್ದೇಶಕರ ಬಳಿ. ತೆರೆದ ಪ್ರತಿ ಸಲ ತಾರೀಖು, ಹೊತ್ತು, ಲಾಟ್ ನಂಬರ್, ಎರಡು ಸಹಿ. ಲ್ಯಾಬಿನವರಿಗೆ ಕೀ ಕೊಡಬೇಡಿ, ಸಹಾಯಕರಿಗೂ.